ಹೊರಗೆ ನಿಂತವರಿಗೆ

ಆ ಫೋಟೋ ಇದ್ದದ್ದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಗಡಿಯಾರದ ಕೆಳಗೆ. ಹೆಸರಾಂತ ಗಾಯಕಿಯೊಬ್ಬರು ಕುರ್ಚಿಯಲ್ಲಿ ತುಸು ಓರೆಯಾಗಿ ಕೂತು, ಕೈಯನ್ನು ಗಲ್ಲಕ್ಕೆ ಕೊಟ್ಟು, ಇನ್ನೇನು ಏನೋ ಹೇಳಿಬಿಡುವವರ ಹಾಗೆ ನೋಡುತ್ತಿದ್ದರು. ಅವರ ತೋಳಿನ ಪಕ್ಕದ ಖಾಲಿ ಜಾಗದಲ್ಲಿ ನೀಲಿ ಶಾಯಿಯಲ್ಲಿ ‘ಹೊರಗೆ ನಿಂತವರಿಗೆ’ ಎಂದು ಬರೆದಿತ್ತು. ಅದರ ಕೆಳಗೆ ಅವರ ಸಹಿ. ಆ ಹೊರಗೆ ನಿಂತವರು ನಮ್ಮ ಅಪ್ಪ.

ಮನೆಗೆ ಯಾರೇ ಬಂದರೂ ಅಪ್ಪ ಅದರ ಕಥೆ ಹೇಳದೆ ಬಿಡುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನಿಗೂ ಹೇಳಿದ್ದರು. ಪಾಪ, ಅವನು ಸಿಲಿಂಡರನ್ನು ಭುಜದಿಂದ ಇಳಿಸದೆಯೇ ಪೂರ್ತಿ ಕೇಳಿಸಿಕೊಂಡಿದ್ದ.

ಅಪ್ಪ ಅಮ್ಮನ ಮದುವೆಯಾದ ಹೊಸತು. ಅಪ್ಪ ಬಸ್ ಓಡಿಸುತ್ತಿದ್ದರು. ಅಮ್ಮ ಆಸ್ಪತ್ರೆಯಲ್ಲಿ ಆಯಾ ಕೆಲಸಕ್ಕೆ ಆಗಷ್ಟೇ ಸೇರಿದ್ದಳು. ಆ ಗಾಯಕಿಯ ಹಾಡೆಂದರೆ ಅಪ್ಪನಿಗೆ ಪ್ರಾಣ. ಅಮ್ಮನಿಗೆ ಹಾಡೂ ಒಂದೇ, ಮಿಕ್ಸಿಯ ಸದ್ದೂ ಒಂದೇ. ಒಮ್ಮೆ ಇಬ್ಬರೂ ಅವರ ಕಾರ್ಯಕ್ರಮಕ್ಕೆ ಹೋಗಿದ್ದರು. ಅದು ಮುಗಿದ ಮೇಲೆ ಸಭಾಂಗಣದ ಹಿಂಬಾಗಿಲಿಗೆ ಜನ ಮುತ್ತಿಕೊಂಡರು. ಗಾಯಕಿ ಬಟ್ಟೆ ಬದಲಾಯಿಸುವ ಕೋಣೆಯಲ್ಲೇ ಕೂತು ಬಂದವರನ್ನು ಮಾತಾಡಿಸುತ್ತಿದ್ದುದರಿಂದ ಬಾಗಿಲು ಕಾಯುವವನು ಹೆಂಗಸರನ್ನಷ್ಟೇ ಒಳಗೆ ಬಿಡುತ್ತಿದ್ದ. ಅಪ್ಪ ತಾವು ತಂದಿದ್ದ ಗಾಯಕಿಯ ಫೋಟೋವನ್ನು ಅಮ್ಮನ ಕೈಗೆ ತುರುಕಿ ಒಳಗೆ ನೂಕಿದರು. ತಾವು ಅವಳ ಚೀಲವನ್ನೂ ಕೊಡೆಯನ್ನೂ ಎದೆಗವಚಿಕೊಂಡು ಓಣಿಯಲ್ಲಿ ನಿಂತರು.

“ಎಷ್ಟೊತ್ತಿಗೋ ಬಂದ್ಲು ನೋಡಿ ಮಹಾರಾಯ್ತಿ,” ಎಂದು ಅಪ್ಪ ಇಲ್ಲಿ ಮುಂದಕ್ಕೆ ಬಗ್ಗುತ್ತಿದ್ದರು. “ಮುಖ ಇಷ್ಟು ಗಂಟು! ಕೆಲಸ ಕೆಟ್ಟಿತು ಅಂದ್ಕೊಂಡೆ. ಆಮೇಲೆ ಬೆನ್ನ ಹಿಂದಿಂದ ಮೆಲ್ಲಗೆ ಫೋಟೋ ತೆಗೆದ್ಲು. ‘ನಿಮ್ಮವರು ಎಲ್ಲಮ್ಮಾ ಅಂತ ಕೇಳಿದ್ರು. ಹೊರಗೆ ನಿಂತಿದಾರೆ, ನನ್ನ ಚೀಲ ಕಾಯ್ಕೊಂಡು ಅಂದೆ. ನಕ್ಕೊಂಡು ನನ್ನೆದುರಿಗೇ ಬರೆದುಕೊಟ್ರು’ ಅಂದ್ಲು. ನೋಡಿ, ಅಷ್ಟು ದೊಡ್ಡವರು. ನನ್ನ ಮುಖಾನೇ ನೋಡದೆ ನನಗೆ ಅಂತ ಬರೆದಿದ್ದಾರೆ.”

ಕಥೆ ಈ ಹಂತಕ್ಕೆ ಬಂದಾಗಲೆಲ್ಲ ಅಮ್ಮ ಎದ್ದುಬಿಡುತ್ತಿದ್ದಳು. “ಕುಕ್ಕರ್ ಇಟ್ಟಿದೀನಿ,” ಎಂದು ಅಡುಗೆಮನೆಗೆ ಹೋಗುತ್ತಿದ್ದಳು. ಎಷ್ಟೋ ಸಲ ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಲ್ಲುವ ಹುಡುಗಿ. ಬಂದವರ ಎದುರಿಗೆ ಕೂರುವುದೆಂದರೆ ನನಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಹಾಗಾಗಿ ನನಗೆ ಎರಡೂ ಕಡೆ ಕಾಣುತ್ತಿತ್ತು. ಮುಂದಿನ ಕೋಣೆಯಲ್ಲಿ ಅಪ್ಪನ ಹುರುಪು, ಇತ್ತ ಒಲೆಯ ಮುಂದೆ ನಿಂತು ತನ್ನಷ್ಟಕ್ಕೆ ನಗುವ ಅಮ್ಮ.

ಅಮ್ಮ ತೀರಿಹೋಗಿ ಒಂದು ವರ್ಷದ ಮೇಲಾಯಿತು. ಅವಳು ಹೋದ ಮೇಲೆ ಅಪ್ಪ ಆ ಕಥೆಯನ್ನು ಇನ್ನೂ ಹೆಚ್ಚು ಸಲ ಹೇಳತೊಡಗಿದರು. ಬರುವವರು ಕಡಿಮೆಯಾದಾಗ ನನಗೇ ಹೇಳುತ್ತಿದ್ದರು. ನಾನು ಮೊದಲ ಸಲ ಕೇಳುವವಳ ಹಾಗೆ “ಆಮೇಲೆ?” ಎನ್ನುತ್ತಿದ್ದೆ.

ನಮ್ಮ ಭಾವನಿಗೂ ಸಹಿ ಕೂಡಿಡುವ ಹುಚ್ಚು ಇತ್ತು. ಅಕ್ಕನ ಮದುವೆಗೆ ಮುಂಚೆ ಅವರಿಗೆ ಅದೇನೂ ಇರಲಿಲ್ಲ. ನಮ್ಮ ಮನೆಗೆ ಮೊದಲ ಸಲ ಬಂದಾಗ ಅಪ್ಪನಿಂದ ಈ ಕಥೆ ಕೇಳಿ ಅಂಟಿಸಿಕೊಂಡದ್ದು. ಆದರೆ ಭಾವ ಯಾರ ಹತ್ತಿರವೂ ಹೋಗಿ ನಿಂತು ಸಹಿ ಹಾಕಿಸಿಕೊಂಡವರಲ್ಲ. ಎಲ್ಲವನ್ನೂ ಕೊಳ್ಳುತ್ತಿದ್ದರು. ಸಹಿ ಪರೀಕ್ಷಿಸುವ ಒಂದು ಕಂಪನಿಯ ಬೆಳ್ಳಿ ಬಣ್ಣದ ಸ್ಟಿಕ್ಕರ್ ಇದ್ದರೆ ಮಾತ್ರ ಕೊಳ್ಳುತ್ತಿದ್ದರು. ಅವರ ಮನೆಯ ಗೋಡೆಯ ಮೇಲೆ ಆಟಗಾರರ ಅಂಗಿ, ನಟರ ಫೋಟೋ, ನಮ್ಮ ಅಪ್ಪನ ಗಾಯಕಿಯದೇ ಒಂದು ಫೋಟೋ, ಎಲ್ಲದರ ಮೂಲೆಯಲ್ಲೂ ಆ ಸ್ಟಿಕ್ಕರ್ ಮಿಣುಗುತ್ತಿತ್ತು. ಚಪ್ಪಲಿ ಕೊಳ್ಳುವಾಗಲೂ ಗ್ಯಾರಂಟಿ ಕಾರ್ಡ್ ಕೇಳುವವರೆಂದು ಅಮ್ಮ ಅವರಿಗೆ ‘ಗ್ಯಾರಂಟಿ’ ಎಂದೇ ಹೆಸರಿಟ್ಟಿದ್ದಳು. “ಗ್ಯಾರಂಟಿ ಬಂದ್ರು, ಕುರ್ಚಿ ಒರೆಸು,” ಎನ್ನುತ್ತಿದ್ದಳು.

ಒಂದು ಭಾನುವಾರ ಅಕ್ಕ, ಭಾವ ಬಂದಿದ್ದಾಗ ಅಪ್ಪ ಎಂದಿನಂತೆ ಕಥೆ ತೆಗೆದರು. ಭಾವ ಎದ್ದು ಹೋಗಿ ಫೋಟೋವನ್ನು ಹತ್ತಿರದಿಂದ ನೋಡಿದರು.

“ಮಾವ, ಇದನ್ನ ಒಂದ್ಸಲ ಕಂಪನಿಗೆ ಕಳಿಸಿಬಿಡೋಣ.”

“ಯಾತಕ್ಕಪ್ಪಾ?”

“ಸ್ಟಿಕ್ಕರ್ ಹಾಕಿಸೋಕೆ. ನಿಮ್ಮ ಹುಟ್ಟುಹಬ್ಬಕ್ಕೆ ನನ್ನ ಕಡೆಯಿಂದ. ನಾಳೆ ದಿನ ಮೊಮ್ಮಕ್ಕಳು ಕೇಳ್ತಾರೆ, ತಾತ ಇದು ನಿಜಾನಾ ಅಂತ.”

“ಕೇಳಿದ್ರೆ, ನಿಮ್ಮಜ್ಜಿ ಕಣ್ಣೆದುರಿಗೆ ಬರೆದಿದ್ದು ಅಂತೀನಿ.”

“ಅದು ನಮಗೆ ಸಾಕು ಮಾವ. ಊರಿಗೆ ಸಾಕಾಗಲ್ಲ. ಸ್ಟಿಕ್ಕರ್ ಇದ್ರೆ ಯಾರೂ ತುಟಿ ಪಿಟಕ್ ಅನ್ನಲ್ಲ.”

ಭಾವ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಪ್ಪನಿಗೂ ಒಳಗೊಳಗೆ ಆಸೆಯಾಯಿತು ಎಂದು ಕಾಣುತ್ತದೆ. ಬೆಳ್ಳಿ ಬಣ್ಣದ ಸ್ಟಿಕ್ಕರ್ ಅಮ್ಮನ ಮಾತಿಗೆ ಒತ್ತಿದ ಮುದ್ರೆಯ ಹಾಗಿರುತ್ತದೆ ಅನ್ನಿಸಿರಬೇಕು. “ಮರಿ, ನೀನೇ ಬಿಚ್ಚಿಕೊಡು,” ಎಂದರು ನನಗೆ.

ಎಂಟನೇ ತರಗತಿಗೆ ಶಾಲೆ ಬಿಟ್ಟ ಮೇಲೆ ನಾನು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಕಟ್ಟಿನ ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಲ್ಲಿ ಎಳೆದು, ರಟ್ಟು ತೆಗೆದು, ಫೋಟೋವನ್ನು ಗಾಜಿನಿಂದ ಬಿಡಿಸಿದೆ. ಗೋಡೆಯಲ್ಲಿ ಅದು ಇದ್ದ ಜಾಗ ಮಾತ್ರ ಸುಣ್ಣ ಬಳಿದ ದಿನದಷ್ಟೇ ಬಿಳಿಯಾಗಿತ್ತು.

ಉತ್ತರ ಬರಲು ತಡವಾಯಿತು. ಅಪ್ಪ ದಿನಾ ಆ ಬಿಳಿ ಚೌಕವನ್ನು ನೋಡಿ, “ಇವಳು ಇನ್ನೂ ಬರಲಿಲ್ಲ,” ಎನ್ನುತ್ತಿದ್ದರು. ಗಾಯಕಿಯನ್ನು ಹೇಳುತ್ತಿದ್ದರೋ ಅಮ್ಮನನ್ನೋ, ನಾನು ಕೇಳಲಿಲ್ಲ.

ಕೊನೆಗೆ ಭಾವ ಲಕೋಟೆ ಹಿಡಿದು ಬಂದರು. ಯಾವತ್ತೂ ಬಾಗಿಲಲ್ಲೇ “ಮಾವಾ” ಎಂದು ಕೂಗುತ್ತಿದ್ದವರು ಅವತ್ತು ಸದ್ದಿಲ್ಲದೆ ಬಂದು ಕೂತರು. ಹಿಂದೆಯೇ ಅಕ್ಕ ಬಂದಳು. ಫೋಟೋದ ಮೂಲೆಯಲ್ಲಿ ಸ್ಟಿಕ್ಕರ್ ಇರಲಿಲ್ಲ. ಜೊತೆಗೆ ಒಂದು ದಪ್ಪ ಕಾಗದವಿತ್ತು, ಅದಕ್ಕೆ ಕಂಪನಿಯ ಗುಂಡು ಮುದ್ರೆ.

“ಏನಂತೆ?” ಎಂದರು ಅಪ್ಪ.

ಭಾವ ಓದಿದರು. “ಈ ಸಹಿಯು ಹೆಸರಿಸಿದ ವ್ಯಕ್ತಿಯ ಪರಿಶೀಲಿತ ಮಾದರಿಗಳಿಗೆ ಹೊಂದುವುದಿಲ್ಲ. ಬೇರೊಬ್ಬರ ಕೈಬರಹವೆಂಬುದು ನಮ್ಮ ಅಭಿಪ್ರಾಯ.”

“ಬೇರೊಬ್ಬರು ಅಂದ್ರೆ?”

“ಅದನ್ನೆಲ್ಲ ಅವರು ಹೇಳಲ್ಲ ಮಾವ.”

“ಇನ್ನೊಂದ್ಸಲ ಓದಪ್ಪ.”

ಭಾವ ಇನ್ನೊಂದು ಸಲ ಓದಿದರು. ಅಕ್ಕ ನಕ್ಕಳು. ಅವಳಿಗೆ ಯಾರಾದರೂ ಬೇಜಾರಿನಲ್ಲಿದ್ದರೆ ನಗಿಸಿಯೇ ತೀರಬೇಕು, ಅಮ್ಮನದೇ ಗುಣ.

“ಅಯ್ಯೋ, ಅಮ್ಮನೇ ಗೀಚಿರ್ತಾಳೆ ಬಿಡಿ ಅಪ್ಪ. ಒಳಗೆ ನೂಕುನುಗ್ಗಲು ಇದ್ದಿರುತ್ತೆ, ಸಹಿ ಸಿಕ್ಕಿರಲ್ಲ. ಬರಿಗೈಲಿ ಬಂದ್ರೆ ನಿಮ್ಮ ಮುಖ ನೋಡೋಕಾಗುತ್ತಾ? ಹೊರಗೆ ನಿಂತವರಿಗೆ ಅಂತೆ! ಇದು ಅಮ್ಮನದೇ ಕುಚೇಷ್ಟೆ. ಅವಳ ಡಬ್ಬಿಗಳನ್ನ ನೋಡಿಲ್ವಾ?”

ಅಪ್ಪ ನಗಲು ನೋಡಿದರು. ಆಮೇಲೆ ಮೆಲ್ಲಗೆ, “ಇರಬಹುದು. ನಾನು ಹೊರಗೆ ನಿಂತಿದ್ದೆ,” ಎಂದರು.

ಡಬ್ಬಿಗಳ ವಿಷಯ ಹೇಳಬೇಕು. ಅಮ್ಮ ಆಸ್ಪತ್ರೆಯಿಂದ ಉಳಿದ ಬಿಳಿ ಅಂಟುಪಟ್ಟಿ ತರುತ್ತಿದ್ದಳು, ಗಾಯಕ್ಕೆ ಹತ್ತಿ ಇಟ್ಟು ಮೇಲೆ ಹಾಕುತ್ತಾರಲ್ಲ, ಅದು. ಅದನ್ನು ಅಡುಗೆಮನೆಯ ಸ್ಟೀಲ್ ಡಬ್ಬಿಗಳಿಗೆಲ್ಲ ಅಂಟಿಸಿ ನೀಲಿ ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದಳು. ಬರೀ ಹೆಸರು ಬರೆದರೆ ಅವಳಿಗೆ ಸಮಾಧಾನವಿಲ್ಲ. ‘ಸಕ್ಕರೆ. ನಿಮಗಲ್ಲ, ನಿಮಗೆ ಡಾಕ್ಟರು ಹೇಳಿದ್ದು ನೆನಪಿದೆಯಾ?’ ಎಂದು ಒಂದರ ಮೇಲೆ. ‘ಉಪ್ಪು. ಸಕ್ಕರೆ ಅಲ್ಲ, ನಾಲಗೆ ಇಟ್ಟು ನೋಡಬೇಡಿ’ ಎಂದು ಇನ್ನೊಂದರ ಮೇಲೆ. ‘ಟೀ ಪುಡಿ. ಕೈ ಹಿಡಿತ ಇರಲಿ.’ ಮೇಲಿನ ಸಾಲಿನ ಖಾಲಿ ಡಬ್ಬಿಯೊಂದರ ಮೇಲೆ, ‘ಇದರಲ್ಲಿ ಏನೂ ಇಲ್ಲ, ಮುಚ್ಚಿ.’ ಅಮ್ಮ ಹೋದ ಮೇಲೂ ನಾವು ಒಂದು ಪಟ್ಟಿಯನ್ನೂ ತೆಗೆದಿರಲಿಲ್ಲ. ಬೆಳಿಗ್ಗೆ ಟೀ ಮಾಡುವಾಗ ಅವಳ ಕೈಲಿ ಬೈಸಿಕೊಂಡ ಹಾಗೇ ಆಗುತ್ತಿತ್ತು.

ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಆ ಡಬ್ಬಿಗಳೆಲ್ಲ ಮುಂದಿನ ಕೋಣೆಯ ಮೇಜಿನ ಮೇಲಿದ್ದವು. ನಡುವೆ ಫೋಟೋ. ಅಪ್ಪ ಭೂತಗನ್ನಡಿ ಹಿಡಿದು ಬಗ್ಗಿದ್ದರು.

“ಬಾ ಮರಿ, ಇಲ್ಲಿ ನೋಡು. ಈ ಸುಳಿ ನೋಡು. ಸಕ್ಕರೆ ಡಬ್ಬೀಲೂ ಹಿಂಗೇ ಇದೆ.”

ನಾನು ನೋಡಿದೆ. ಒಂದೇ ಥರ ಕಂಡಿತು. ಬೇರೆ ಬೇರೆಯಾಗಿಯೂ ಕಂಡಿತು. “ಎಲ್ಲರೂ ಹೀಗೇ ಬರೀತಾರಲ್ಲ ಅಪ್ಪ,” ಎಂದೆ.

“ಕಂಪನಿಯವರಿಗೆ ಅಷ್ಟೂ ತಿಳಿಯಲ್ವಾ? ಅದೇ ಕೆಲಸ ಮಾಡ್ಕೊಂಡು ಕೂತಿರೋರು.”

ಅವರು ಭೂತಗನ್ನಡಿ ಕೆಳಗಿಟ್ಟರು. “ಸಹಿ ಹೋದ್ರೆ ಹೋಗ್ಲಿ. ಅವಳು ತಮಾಷೆ ಮಾಡಿದ್ಲು, ಅದೂ ಸರಿ. ಒಂದು ವರ್ಷ ಬಿಟ್ಟು ಹೇಳಬಹುದಿತ್ತು, ಹತ್ತು ವರ್ಷ ಬಿಟ್ಟು ಹೇಳಬಹುದಿತ್ತು. ನಾನು ಕಂಡಕಂಡವರಿಗೆಲ್ಲ ಹೇಳ್ಕೊಂಡು ಕುಣೀತಿದ್ದೆ. ಇವಳು ಎದ್ದು ಹೋಗ್ತಿದ್ಲು, ಕುಕ್ಕರ್ ಇಟ್ಟಿದೀನಿ ಅಂತ. ಯಾವ ಕುಕ್ಕರ್ ಮರಿ? ಒಳಗೆ ಹೋಗಿ ನಗ್ತಿದ್ಲಾ? ನೀನು ಅಲ್ಲೇ ನಿಂತಿರ್ತಿದ್ದೆಯಲ್ಲ. ಹೇಳು.”

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅಮ್ಮ ನಗುತ್ತಿದ್ದುದು ನಿಜ. ಆದರೆ ಆ ನಗು ಹಾಗಿರಲಿಲ್ಲ. ತನ್ನನ್ನು ಯಾರೋ ಹೊಗಳುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಬರುತ್ತದಲ್ಲ, ಅಂಥ ನಗು ಅದು. ನನಗೂ ಹಾಗೇ ಆಗುತ್ತದೆ, ಅದಕ್ಕೇ ಗೊತ್ತು. ಇಷ್ಟನ್ನೂ ಹೇಳಬೇಕೆಂದು ಬಾಯಿ ತೆರೆದೆ. ಮಾತುಗಳನ್ನು ಜೋಡಿಸಿಕೊಳ್ಳುವಷ್ಟರಲ್ಲಿ ಅಪ್ಪ ನನ್ನ ಮುಖ ಓದಿ ಆಗಿತ್ತು.

“ಬಿಡು,” ಎಂದರು. “ಗೊತ್ತಾಯ್ತು.”

ಆಮೇಲೆ ಅಪ್ಪ ಅಮ್ಮನ ಬಗ್ಗೆ ಕೆಟ್ಟ ಮಾತಂತೂ ಆಡಲಿಲ್ಲ. ಅವಳ ಮಾತನ್ನೇ ಆಡಲಿಲ್ಲ. ಫೋಟೋ ಕಂಪನಿಯ ಲಕೋಟೆಯಲ್ಲೇ ಕಪಾಟಿನ ಮೇಲೆ ಹೋಯಿತು. ಹಿಂದೆ ಅಪ್ಪನ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರೊಬ್ಬರು ಬಂದು, ಬಿಳಿ ಚೌಕ ನೋಡಿ, “ಎಲ್ಲಿ ನಿನ್ನ ಗಾಯಕಿ? ಓಡಿಹೋದ್ರಾ?” ಎಂದು ಕೇಳಿದಾಗ, “ಗೆದ್ದಲು ಹಿಡೀತು,” ಎಂದರು.

ಒಂದು ಸಂಜೆ ಮನೆಗೆ ಬಂದರೆ ಅಡುಗೆಮನೆಯಲ್ಲಿ ಹಬೆ. ಅಪ್ಪ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಡಬ್ಬಿಗಳನ್ನು ಅದ್ದಿ ಅದ್ದಿ ಚಮಚದ ಹಿಡಿಯಿಂದ ಪಟ್ಟಿಗಳನ್ನು ಕೆರೆದು ತೆಗೆದಿದ್ದರು. ತೊಳೆದ ಡಬ್ಬಿಗಳು ಹಳೆಯ ಟವೆಲಿನ ಮೇಲೆ ಬೋರಲಾಗಿದ್ದವು. ಕಸದ ಬುಟ್ಟಿಯಲ್ಲಿ ಪಟ್ಟಿಗಳು ಒದ್ದೆಯಾಗಿ ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಒಂದನ್ನು ಬಿಡಿಸಿ ನೋಡಿದೆ. ಶಾಯಿಯೆಲ್ಲ ಹರಡಿ ನೀಲಿ ಕಲೆ ಮಾತ್ರ ಉಳಿದಿತ್ತು.

“ಕೊಳೆಯಾಗಿದ್ವು,” ಎಂದರು ಅಪ್ಪ, ನನ್ನ ಕಡೆ ತಿರುಗದೆ. ಅವರ ಬೆರಳ ತುದಿಗಳು ಬಿಸಿನೀರಿಗೆ ಕೆಂಪಾಗಿದ್ದವು.

ಮಾರನೆಯ ಬೆಳಿಗ್ಗೆ ಟೀ ಮಾಡಿದ್ದು ಅಪ್ಪ. ನಾನು ಒಂದು ಗುಟುಕು ಕುಡಿದೆ. ಉಪ್ಪು. ಅಪ್ಪನ ಮುಖ ನೋಡಿದೆ. ಅವರು ಕಿಟಕಿಯ ಕಡೆ ನೋಡುತ್ತಾ ಗುಟುಕು ಗುಟುಕಾಗಿ ಕುಡಿಯುತ್ತಿದ್ದರು. ಲೋಟ ಖಾಲಿ ಮಾಡಿ, ತೊಳೆದು, ಬೋರಲು ಹಾಕಿದರು. ನಾನೂ ಕುಡಿದು ಮುಗಿಸಿದೆ.

ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ದಿನ ಭಾವ ಒಬ್ಬರೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು ಮೊಬೈಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತಿದ್ದರು.

“ಮಾವ, ಕಂಪನಿಯಿಂದ ಒಂದು ಮೇಲ್ ಬಂದಿದೆ. ನಿಮ್ಮ ಫೋಟೋ ವಿಷಯಾನೇ.”

“ನನಗ್ಯಾಕಪ್ಪ ಈಗ ಅದು?”

“ಕೇಳಿ ಒಂದು ನಿಮಿಷ. ಆ ಗಾಯಕಿ ಮಗಳು ಎಲ್ಲೋ ಮಾತಾಡ್ತಾ ಹೇಳಿದ್ದಾರಂತೆ. ಅಭಿಮಾನಿಗಳಿಗೆ ಅಂಚೇಲಿ ಕಳಿಸ್ತಿದ್ದ ಫೋಟೋಗೆಲ್ಲ ಗಾಯಕಿ ಸಹಿ ಮಾಡ್ತಾನೇ ಇರಲಿಲ್ವಂತೆ. ಅವರ ತಂಗಿ ಕೂತು ಮಾಡ್ತಿದ್ರಂತೆ. ಎದುರಿಗೆ ಬಂದು ನಿಂತವರಿಗೆ ಮಾತ್ರ ಗಾಯಕಿ ತಮ್ಮ ಕೈಯಾರೆ ಬರೆದುಕೊಡ್ತಿದ್ರಂತೆ.”

ಅಪ್ಪ ಗೋಡೆಯ ಬಿಳಿ ಚೌಕದ ಕಡೆ ನೋಡಿದರು.

“ಕಂಪನಿಯವರು ಹೋಲಿಸಿ ನೋಡೋಕೆ ಇಟ್ಕೊಂಡಿದ್ದ ಮಾದರಿಗಳೆಲ್ಲ ಅಂಚೇಲಿ ಬಂದಿದ್ದವು ಮಾವ. ತಂಗಿ ಬರೆದಿದ್ದನ್ನ ನಿಜ ಅಂತ ಇಟ್ಕೊಂಡು, ನಿಮ್ಮದನ್ನ ಅದರ ಪಕ್ಕ ಇಟ್ಟು ಸುಳ್ಳು ಅಂದಿದ್ದಾರೆ. ಸ್ಟಿಕ್ಕರ್ ಹಾಕಿಸ್ಕೊಂಡು ನಮ್ಮನೆ ಗೋಡೆ ಮೇಲೆ ಕೂತಿದ್ಯಲ್ಲ, ಅದು ತಂಗಿದು. ಈಗ ಮಗಳ ಹತ್ತಿರ ಇರೋ ನಿಜವಾದ ಸಹಿಗೆ ಹೋಲಿಸಿ ನೋಡಿದ್ರಂತೆ, ನಿಮ್ಮದು ಗಾಯಕಿಯದೇ.” ಭಾವ ಮೊಬೈಲನ್ನು ಮೇಜಿನ ಮೇಲಿಟ್ಟರು. “ಅತ್ತೆ ಹೇಳಿದ್ದೇ ನಿಜ.”

ಬಾಗಿಲ ಹತ್ತಿರ ನಿಂತಿದ್ದ ನಾನು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಅವರು ಇನ್ನೇನು ಬರೆದಿದ್ದಾರೆ?” ಎಂದರು ಅಪ್ಪ.

“ಏನಿಲ್ಲ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಅಂತ.”

“ಅನಾನುಕೂಲ,” ಎಂದರು ಅಪ್ಪ. ಹೊಸ ಪದವೊಂದನ್ನು ಕಲಿಯುವವರ ಹಾಗೆ ಇನ್ನೊಮ್ಮೆ ಮೆಲ್ಲಗೆ ಹೇಳಿಕೊಂಡರು.

“ಇನ್ನೊಂದ್ಸಲ ಕಳಿಸಿದ್ರೆ ಈಗ ಖಂಡಿತ ಸ್ಟಿಕ್ಕರ್ ಹಾಕಿಕೊಡ್ತಾರೆ ಮಾವ. ಇವತ್ತೇ ತಗೊಂಡು ಹೋಗ್ತೀನಿ.”

“ಬೇಡಪ್ಪ. ಅವರು ಅಲ್ಲ ಅಂದಾಗ್ಲೂ ಅವರ ಮಾತೇ ನಂಬಿದೆ. ಈಗ ಹೌದು ಅಂತಾರೆ, ಈಗ್ಲೂ ಅವರ ಮಾತೇ ನಂಬಬೇಕು. ಅವಳ ಮಾತು ನಂಬೋದು ಯಾವಾಗ?”

ಭಾವ ಹೋಗುವಾಗ ಅಪ್ಪನ ಕಾಲ ಬಳಿ ಕೂತು, “ತಪ್ಪಾಯ್ತು ಮಾವ,” ಎಂದರು. ಅಪ್ಪ ಅವರ ಭುಜ ತಟ್ಟಿ, “ಓಡಾಡಿದ್ದು ನೀನು, ಅನುಮಾನ ಪಟ್ಟಿದ್ದು ನಾನು. ನಿನ್ನದೇನಿದೆ?” ಎಂದರು.

ಭಾವ ಹೋದ ಮೇಲೆ ಅಪ್ಪ ಅಡುಗೆಮನೆಗೆ ಹೋದರು. ಒಂದೊಂದೇ ಡಬ್ಬಿ ತೆಗೆದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಪಟ್ಟಿ ಇದ್ದ ಜಾಗದಲ್ಲಿ ಅಂಟಿನ ಮಸುಕು ಗೆರೆ ಇತ್ತು, ಅಷ್ಟೇ. ಖಾಲಿ ಡಬ್ಬಿಯ ಮುಚ್ಚಳ ತೆಗೆದು ಒಳಗೂ ನೋಡಿದರು. ಆಮೇಲೆ ಕಪಾಟು, ಅಮ್ಮನ ಚೀಲ, ಮಾತ್ರೆಗಳ ಡಬ್ಬ ಎಲ್ಲ ತಡಕಿದರು. ಅಮ್ಮ ಕಾಗದದ ಮೇಲೆ ಬರೆಯುವ ಹೆಂಗಸಾಗಿರಲಿಲ್ಲ. ಅವಳ ಬರಹವೆಲ್ಲ ಆ ಪಟ್ಟಿಗಳ ಮೇಲೇ ಇದ್ದದ್ದು.

“ಮರಿ,” ಎಂದರು ಕೊನೆಗೆ. “ಎಲ್ಲಾದ್ರೂ ಒಂದು ಉಳಿದಿದ್ಯಾ?”

ಒಂದು ಉಳಿದಿತ್ತು. ಮನೆಯಲ್ಲಲ್ಲ, ಅಂಗಡಿಯಲ್ಲಿ.

ಕಟ್ಟು ಹಾಕುವಾಗ ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುವುದು ನಮ್ಮ ಕೆಲಸದಲ್ಲಿ ಎಲ್ಲರಿಗೂ ರೂಢಿ. ನನಗಂತೂ ಅದು ಅನುಕೂಲವೇ, ಬಾಯಲ್ಲಿ ಮೊಳೆ ಇದ್ದರೆ ಗಿರಾಕಿಗಳು ಮಾತಾಡಿಸುವುದಿಲ್ಲ. ಒಂದು ದಿನ ಊಟದ ಡಬ್ಬಿ ಕೊಡಲು ಬಂದ ಅಮ್ಮ ಅದನ್ನು ನೋಡಿ ಹೌಹಾರಿದಳು. “ನುಂಗಿಬಿಟ್ರೆ ಏನೇ ಮಾಡ್ತೀಯ? ನಮ್ಮ ಆಸ್ಪತ್ರೇಲಿ ನಿನ್ನ ಹೊಟ್ಟೆಗೆ ಅಯಸ್ಕಾಂತ ಹಾಕ್ತಾರೆ!” ಎಂದು ಯಜಮಾನರ ಎದುರಿಗೇ ಬೈದಳು. ಮರುದಿನ ಒಂದು ಪುಟ್ಟ ತಗಡಿನ ಡಬ್ಬಿ ತಂದು, ನನ್ನ ಮೇಜಿನ ಮೇಲೇ ಪಟ್ಟಿ ಅಂಟಿಸಿ, ನನ್ನ ಪೆನ್ನನ್ನೇ ಕಸಿದುಕೊಂಡು ಬರೆದಳು: ‘ಸಣ್ಣ ಮೊಳೆ. ಬಾಯಿ ಇದರ ಜಾಗವಲ್ಲ.’

ಮಾರನೆಯ ಸಂಜೆ ಮೊಳೆಗಳನ್ನು ಕಾಗದದ ಪೊಟ್ಟಣಕ್ಕೆ ಸುರಿದು, ಡಬ್ಬಿಯನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಓದಿದರು. ಅವರ ಹೆಬ್ಬೆರಳು ಬರಹದ ಹತ್ತಿರ ಹೋಗಿ, ಮುಟ್ಟದೆ ನಿಂತಿತು.

“ಇದು ಅವಳೇ ಬರೆದಿದ್ದಾ?”

“ಹೂಂ ಅಪ್ಪ.”

“ನಿನಗೆ ಹೇಗೆ ಗೊತ್ತು?”

ಅವರು ಕೇಳಿದ್ದು ನನ್ನನ್ನು ಪರೀಕ್ಷಿಸಲು ಅಲ್ಲ. ಹಾಗೆ ಕೇಳುವುದು ಅವರಿಗೇ ತಿಳಿಯದೆ ಅಭ್ಯಾಸವಾಗಿಬಿಟ್ಟಿತ್ತು.

“ಬರೆಯೋವಾಗ ನಾನು ಪಕ್ಕದಲ್ಲೇ ಇದ್ದೆ. ನನ್ನೆದುರಿಗೇ ಬರೆದಿದ್ದು.”

ಅಪ್ಪ ಡಬ್ಬಿಯನ್ನು ಕರವಸ್ತ್ರದ ಮೇಲೆ ಮೆಲ್ಲಗೆ ಇಟ್ಟರು.

“ನಿಮ್ಮಮ್ಮನೂ ಇದೇ ಮಾತು ಹೇಳಿದ್ಲು ಮರಿ,” ಎಂದರು. “ಅಷ್ಟು ಸಾಕಾಗಿತ್ತು.”

ಆ ಫೋಟೋಗೆ ನಾನೇ ಮತ್ತೆ ಕಟ್ಟು ಹಾಕಿದೆ. ಹೊಸ ಗಾಜು, ಹೊಸ ರಟ್ಟು. ಮೊಳೆ ಹೊಡೆಯುವಾಗ ಕೈ ತಾನಾಗಿ ಬಾಯಿಯ ಕಡೆ ಹೋಯಿತು. ತಡೆದು, ಮೊಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡೆ. ಗೋಡೆಯ ಮೇಲಿನ ಬಿಳಿ ಚೌಕಕ್ಕೆ ಅದು ಸರಿಯಾಗಿ ಕೂತಿತು. ತಗಡಿನ ಡಬ್ಬಿ ಅಡುಗೆಮನೆಯಲ್ಲಿ, ಸಕ್ಕರೆಯ ಪಕ್ಕದಲ್ಲಿದೆ. ಅದರಲ್ಲಿ ಏನೂ ಹಾಕಿಲ್ಲ.

ಮೊನ್ನೆ ಸಿಲಿಂಡರ್ ತರುವವನು ಬಂದಿದ್ದ. ಜೊತೆಗೆ ಹೊಸಬನೊಬ್ಬನನ್ನು ಕರೆತಂದಿದ್ದ. ಫೋಟೋ ಮತ್ತೆ ಗೋಡೆಗೆ ಬಂದದ್ದು ನೋಡಿ ಅವನಿಗೆ ಖುಷಿಯಾಯಿತು. ಈ ಸಲ ಸಿಲಿಂಡರನ್ನು ಮೊದಲೇ ಕೆಳಗಿಳಿಸಿದ.

“ಯಜಮಾನ್ರೇ, ಇವನಿಗೂ ಒಂದ್ಸಲ ಆ ಕಥೆ ಹೇಳಿ. ಅಮ್ಮೋರು ಒಳಗೆ ಹೋಗಿದ್ದು, ಗಾಯಕಿ ನಕ್ಕಿದ್ದು.”

ಅಪ್ಪ ಫೋಟೋ ನೋಡಿದರು. ಹೇಳಿಯಾರು ಎಂದು ನಾನು ಬಾಗಿಲ ಮರೆಯಲ್ಲಿ ಕಾದು ನಿಂತೆ. ಅವರ ತುಟಿ ಅಲುಗಿತು.

“ಒಳಗೆ ಹೋದವಳು ಅವಳು. ಅವಳನ್ನೇ ಕೇಳಬೇಕಿತ್ತು,” ಎಂದರು. “ನಾನು ಹೊರಗೆ ನಿಂತಿದ್ದೆ.”

ಬಂದವರಿಬ್ಬರೂ ಮುಖ ಮುಖ ನೋಡಿಕೊಂಡರು. ಅಪ್ಪ ಕುರ್ಚಿಯ ತೋಳು ಹಿಡಿದು ಎದ್ದರು.

“ಕುಕ್ಕರ್ ಇಟ್ಟಿದೀನಿ,” ಎಂದು ನನ್ನನ್ನು ದಾಟಿಕೊಂಡು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.